ಕೊನೆಯ ಪಂಕ್ತಿಯಲ್ಲಿ ಕೂತವರ ‘ಕರ್ವಾಲೊ’

ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ. ಚಂದಾಪುರದಿಂದ ಆನೇಕಲ್ಲಿಗೆ ತಿರುಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಮನೆಯೊಂದರ ತಾರಸಿಯ ಮೇಲೆ ಬೆಳಿಗ್ಗೆ ಆರಕ್ಕೇ ಸೌದೆ ಒಲೆ ಹೊತ್ತಿಕೊಂಡಿತ್ತು. ಮೂರು ಕಲ್ಲಿನ ಮೇಲೆ ದೊಡ್ಡ ತಪ್ಪಲೆ. ಪಕ್ಕದಲ್ಲಿ ತೊಳೆದು ಸೋರಲು ಬಿಟ್ಟ ಪುದೀನ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ಬೆತ್ತದ ಬುಟ್ಟಿಯಲ್ಲಿ ಜೀರಿಗೆ ಸಾಂಬಾ ಅಕ್ಕಿ. ಹಿಂದಿನ ರಾತ್ರಿಯೇ ನೆನೆಸಿ, ಒಂದೊಂದಾಗಿ ಸಿಪ್ಪೆಯಿಂದ ಹಿತುಕಿ ತೆಗೆದ ಅವರೆಬೇಳೆ ಒಂದು ಪಾತ್ರೆ ತುಂಬ. ಈ ಸಿದ್ಧತೆ ನೋಡಿದವರು ಯಾರದೋ ಮನೆಯ ನಾಮಕರಣ ಎಂದುಕೊಂಡಿದ್ದರೆ ಅದು ಅವರ ತಪ್ಪಲ್ಲ. ನಡೆಯಲಿದ್ದದ್ದು ನಮ್ಮ ಓದುಗರ ಗುಂಪಿನ ತಿಂಗಳ ಸಭೆ. ಆ ತಿಂಗಳ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಕಾದಂಬರಿಯಲ್ಲಿ ಬಿರಿಯಾನಿ ಕರಿಯಪ್ಪ ಎಂಬೊಬ್ಬ ಬರುತ್ತಾನೆ. ಅವನ ಹೆಸರಿನಲ್ಲಿ ಬಿರಿಯಾನಿ ಆಗಲೇಬೇಕೆಂದು ಹಿಂದಿನ ತಿಂಗಳೇ ತೀರ್ಮಾನವಾಗಿತ್ತು.

ಆ ಮಧ್ಯಾಹ್ನ ಬಿರಿಯಾನಿಯ ಬಗ್ಗೆ ಎಲ್ಲರದೂ ಒಂದೇ ಮಾತು. ಪುಸ್ತಕದ ಬಗ್ಗೆ ಯಾರ ಮಾತೂ ಇನ್ನೊಬ್ಬರಿಗೆ ಹೊಂದಲಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಪ್ರೀತಿಸಿಕೊಂಡು ಬಂದ ಕಾದಂಬರಿ ಅದು. ಅವತ್ತು ಊಟದ ಎಲೆಯ ಮುಂದೆ ಕೂತು ಕೇಳಿದ ಮಾತುಗಳಿಂದ ಅದನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು.

ಒಂಬತ್ತು ಜನ, ಒಂಬತ್ತು ದಿಕ್ಕು

ಚಂದಾಪುರದಲ್ಲಿ ‘ನಿಮ್ಮ ಊರು ಯಾವುದು’ ಎಂದು ಕೇಳಿದರೆ ‘ಚಂದಾಪುರ’ ಎನ್ನುವವರು ಅಪರೂಪ. ಹೊಸೂರು ರಸ್ತೆಯ ಒಂದು ಮಗ್ಗುಲಿಗೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ. ಇನ್ನೊಂದು ಮಗ್ಗುಲಿಗೆ ಅತ್ತಿಬೆಲೆ, ಅದರಾಚೆಗೆ ತಮಿಳುನಾಡು. ಶಿಫ್ಟು ಮುಗಿಸಿ ಬಂದು ಮಲಗುವವರ, ಶಿಫ್ಟಿಗೆ ಎದ್ದು ಹೊರಡುವವರ ಊರು ಇದು. ‘ಕರ್ವಾಲೊ’ ಅಚ್ಚಾದದ್ದು 1980ರಲ್ಲಿ. ಅದಕ್ಕೆ ಎರಡು ಮೂರು ವರ್ಷ ಮೊದಲಷ್ಟೇ ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಗುರುತು ಹಾಕಿತ್ತು. ಅತ್ತ ಮೂಡಿಗೆರೆಯಲ್ಲಿ ಒಬ್ಬ ಲೇಖಕ ಕಾಡಿನೊಳಗೆ ಹೋಗುವ ಕಥೆ ಬರೆಯುತ್ತಿದ್ದ ಹೊತ್ತಿಗೇ ಇತ್ತ ರಾಗಿ ಹೊಲಗಳ ಮೇಲೆ ಒಂದು ಹೊಸ ನಗರದ ನಕ್ಷೆ ಬಿಡಿಸುತ್ತಿದ್ದರು. ಆ ನಕ್ಷೆ ಹಿಗ್ಗಿ ಹಿಗ್ಗಿ ಇಲ್ಲಿಯವರೆಗೆ ಬಂತು. 2025ರ ಆಗಸ್ಟ್ 10ರಂದು ನಮ್ಮ ಮೆಟ್ರೊದ ಹಳದಿ ಮಾರ್ಗವೂ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಬಂತು. ಅಲ್ಲಿಂದ ಚಂದಾಪುರಕ್ಕೆ ಬಸ್ಸೋ ಆಟೋವೋ ಹಿಡಿಯಬೇಕು.

ನಮ್ಮ ಗುಂಪಿಗೆ ಹೆಸರಿಲ್ಲ, ಫಲಕವಿಲ್ಲ. ಇರುವವರು ಒಂಬತ್ತು ಜನ. ಮನೆಯೊಡತಿಯನ್ನು ಎಲ್ಲರೂ ‘ಅಕ್ಕ’ ಎಂದೇ ಕರೆಯುತ್ತೇವೆ. ಅವರು ಆನೇಕಲ್ ಸೀಮೆಯವರು, ಇಲ್ಲೇ ಹುಟ್ಟಿ ಬೆಳೆದವರು. ಅವರ ಮಗಳು ದ್ವಿತೀಯ ಪಿಯುಸಿ. ನಿವೃತ್ತ ವಿಜ್ಞಾನ ಮೇಷ್ಟ್ರು ಒಬ್ಬರಿದ್ದಾರೆ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಯಂತ್ರ ನಡೆಸುವ ಹಾವೇರಿ ಕಡೆಯ ಹುಡುಗ, ಪುತ್ತೂರಿನಿಂದ ಬಂದ ನರ್ಸ್, ಸಾಫ್ಟ್‌ವೇರಿನಲ್ಲಿರುವ ಗಂಡಹೆಂಡಿರು ಇದ್ದಾರೆ. ಈ ಜೋಡಿಯಲ್ಲಿ ಗಂಡ ತೀರ್ಥಹಳ್ಳಿಯವನು, ಹೆಂಡತಿ ಚಾಮರಾಜಪೇಟೆಯಲ್ಲಿ ಬೆಳೆದವಳು. ಹೊಸೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಲೆಕ್ಕಪತ್ರ ನೋಡುವ ಒಬ್ಬ ಹೆಣ್ಣುಮಗಳಿದ್ದಾಳೆ. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಒಂಬತ್ತನೆಯವನು ನಾನು.

ನಮ್ಮಲ್ಲಿ ಎರಡೇ ನಿಯಮ. ಪುಸ್ತಕ ಇಷ್ಟವಾಗದವರು ಮೊದಲು ಮಾತಾಡಬೇಕು. ಎಲೆ ಎತ್ತುವವರೆಗೆ ಯಾರೂ ಏಳಬಾರದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆಯನ್ನು ನಾವು ಒಂದೇ ಪಂಕ್ತಿಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೇವೆ.

ಓತಿಯ ಬೆನ್ನು ಹತ್ತಿದವರು

ಓದದವರಿಗಾಗಿ ಕಥೆಯ ಎಳೆ ಹೇಳಿಬಿಡುತ್ತೇನೆ. ಮೂಡಿಗೆರೆ ಸೀಮೆಯಲ್ಲಿ ಗದ್ದೆ ಮಾಡಿಕೊಂಡು, ಅದರ ಕಷ್ಟನಷ್ಟಗಳಿಂದ ಬೇಸತ್ತ ಒಬ್ಬ ಕೃಷಿಕ ಕಥೆ ಹೇಳುತ್ತಾನೆ. ಜೇನು ಕೊಳ್ಳಲು ಹೋದಲ್ಲಿ ಶುರುವಾಗುವ ಪ್ರಸಂಗ ಅವನನ್ನು ಮಂದಣ್ಣನ ಹತ್ತಿರ ತರುತ್ತದೆ. ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಅವನು ಹುಟ್ಟು ನಿಸರ್ಗತಜ್ಞ. ಹುಳುಹುಪ್ಪಟೆ, ಜೇನು, ಮರಗಿಡ ಅವನಿಗೆ ಬರಿಗಣ್ಣಿಗೇ ಗುಟ್ಟು ಬಿಟ್ಟುಕೊಡುತ್ತವೆ. ಆ ಮಂದಣ್ಣ ಕಂಡಿದ್ದಾನೆ ಎನ್ನಲಾದ ಹಾರುವ ಓತಿಯನ್ನು ಹುಡುಕಿಕೊಂಡು ಒಂದು ವಿಚಿತ್ರ ತಂಡ ಮಲೆನಾಡಿನ ನಾರ್ವೆಯ ಕಾಡಿಗೆ ಹೊರಡುತ್ತದೆ. ವಿಜ್ಞಾನಿ, ಕೃಷಿಕ, ಫೋಟೋ ತೆಗೆಯುವ ಪ್ರಭಾಕರ, ಮರ ಹತ್ತುವುದರಲ್ಲೂ ಬಿರಿಯಾನಿ ಮಾಡುವುದರಲ್ಲೂ ಎತ್ತಿದ ಕೈಯಾದ ಕರಿಯಪ್ಪ, ಮಂದಣ್ಣ, ಕೊನೆಗೆ ಕಿವಿ ಎಂಬ ನಾಯಿ. ಓತಿ ಕಣ್ಣಿಗೆ ಬೀಳುತ್ತದೆ. ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಕಣಿವೆಯ ಕಡೆಗೆ ತೇಲಿಹೋಗುತ್ತದೆ.

ಇಷ್ಟೇ ಕಥೆ. ಹೇಳುವ ಧಾಟಿ ಮಾತ್ರ ಬೇರೆಯೇ. ಗಂಭೀರವಾದದ್ದನ್ನು ಹೇಳಲು ಹೊರಟವರು ಮುಖ ಗಂಟು ಹಾಕಿಕೊಳ್ಳಬೇಕೆಂಬ ಅಭ್ಯಾಸ ನವ್ಯದ ಕಾಲದಲ್ಲಿ ನಮ್ಮ ಸಾಹಿತ್ಯಕ್ಕೆ ಅಂಟಿಕೊಂಡಿತ್ತು. 1973ರಲ್ಲಿ ಬಂದ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ತೇಜಸ್ವಿ ಆ ಹಾದಿ ತಮ್ಮದಲ್ಲವೆಂದು ಹೇಳಿ ಹೊರಬಂದರು. ಲೋಹಿಯಾ, ಕುವೆಂಪು, ಕಾರಂತ ಈ ಮೂವರಿಂದ ತಾವು ಪಡೆದದ್ದೇನೆಂದೂ ಅಲ್ಲೇ ಹೇಳಿಕೊಂಡರು. ಏಳು ವರ್ಷದ ಮೇಲೆ ಬಂದ ‘ಕರ್ವಾಲೊ’ದಲ್ಲಿ ಆ ಮಾತು ಪೂರ್ತಿ ಮೈತಳೆಯಿತು. ಲಹರಿಯಂತೆ ಸಾಗುವ, ನಗಿಸುತ್ತಲೇ ಕೋಟ್ಯಂತರ ವರ್ಷಗಳ ಜೀವವಿಕಾಸದ ಮುಂದೆ ತಂದು ನಿಲ್ಲಿಸುವ ಕಾದಂಬರಿ ಕನ್ನಡದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಇದು ನನ್ನ ಖಚಿತ ಅಭಿಪ್ರಾಯ, ಇವತ್ತಿಗೂ.

ಇಷ್ಟವಾಗದವರು ಮೊದಲು

ಹನ್ನೆರಡೂವರೆಗೆ ತಪ್ಪಲೆಯ ಮುಚ್ಚಳದ ಮೇಲೆ ಕೆಂಡ ಹರಡಿ ದಮ್ ಕಟ್ಟಿದ್ದಾಯಿತು. ಇನ್ನೊಂದು ಒಲೆಯಲ್ಲಿ ಮಾಂಸ ತಿನ್ನದವರಿಗೆ ಹಿತಕಿದಬೇಳೆ ಸಾರು, ಅದಕ್ಕೆ ಜೊತೆಯಾಗಿ ಮುದ್ದೆ. ಪುತ್ತೂರಿನವಳು ನೀರುದೋಸೆ ಕಟ್ಟಿಕೊಂಡು ಬಂದಿದ್ದಳು. ಹಾವೇರಿಯ ಹುಡುಗ ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ದೊನ್ನೆಗೆ ಬಿದ್ದ ಬಿರಿಯಾನಿಯ ಹಬೆ ಮೂಗಿಗೆ ಬಡಿದದ್ದೇ ತಡ, ಚಾಮರಾಜಪೇಟೆಯವಳು ಬಾಯಿ ತೆರೆದಳು. ಅವಳೇ ಮೊದಲು ಮಾತಾಡಬೇಕಾದವಳು.

“ಅರ್ಧ ಪುಸ್ತಕ ಮುಗಿದರೂ ಕಥೆ ಶುರುವೇ ಆಗಲ್ಲ. ಜೇನು ಅಂತಾರೆ, ಮದುವೆ ಅಂತಾರೆ, ಬಿರಿಯಾನಿ ಅಂತಾರೆ, ಆಮೇಲೆ ಇದ್ದಕ್ಕಿದ್ದ ಹಾಗೆ ಓತಿ. ಎಲ್ಲೆಲ್ಲೋ ಸುತ್ತಾಡಿಸ್ತಾರೆ. ನಂಗೆ ದಾರಿ ತಪ್ಪಿಸ್ಕೊಂಡ ಹಾಗಾಯ್ತು.”

“ಕಾಡಲ್ಲಿ ದಾರಿ ಹಾಗೇ ಇರೋದು ಮಾರಾಯ್ತಿ,” ಎಂದ ಅವಳ ಗಂಡ. ಅವನಿಗೆ ಆ ಪುಸ್ತಕವೆಂದರೆ ತವರು. ಮಳೆಗಾಲ, ಒದ್ದೆ ಕಂಬಳಿ, ಒಲೆಯ ಮೇಲೆ ಒಣಗಲು ಹಾಕಿದ ಹಲಸಿನ ಬೀಜದ ವಾಸನೆ ಎಲ್ಲ ನೆನಪಾಗುತ್ತದೆ. ಹೆಂಡತಿಗೆ ಅದು ಸಾಲಲಿಲ್ಲ. “ನಿಂಗೆ ನಿನ್ನ ಊರು ಸಿಕ್ತು, ನಂಗೆ ಪುಸ್ತಕ ಸಿಗಬೇಕಲ್ಲ” ಎಂದಳು. ಅವಳ ಮಾತನ್ನು ನಾನು ಪುಸ್ತಕಕ್ಕೆ ಹಾಕಿದ ಸರಿಯಾದ ಪರೀಕ್ಷೆಯೆಂದೇ ತೆಗೆದುಕೊಂಡೆ. ತವರಿನ ನೆನಪು ಇಲ್ಲದವರನ್ನೂ ಹಿಡಿದು ಕೂರಿಸುವ ಹೊಣೆ ಪುಸ್ತಕದ ಮೇಲಿರುತ್ತದೆ.

ಪುತ್ತೂರಿನವಳ ಆಕ್ಷೇಪ ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. “ಹಾರುವ ಓಂತಿ ನಮ್ಮ ತೋಟದಲ್ಲಿ ಉಂಟು. ಚಿಕ್ಕವಳಿರುವಾಗ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಹೋಗುವುದನ್ನು ನಾನೇ ನೋಡಿದ್ದೇನೆ. ಅದನ್ನು ನೋಡ್ಲಿಕ್ಕೆ ಇಷ್ಟು ಜನ, ಇಷ್ಟು ಸಾಮಾನು ಕಟ್ಟಿಕೊಂಡು ಕಾಡಿಗೆ ಹೋಗ್ಬೇಕಾ ಮಾರಾಯ್ರೇ?”

ಮೇಷ್ಟ್ರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅವಳು ಹೇಳಿದ್ದು ನಿಜವೆಂದರು. ಪಶ್ಚಿಮಘಟ್ಟದ ಕಾಡುಗಳಲ್ಲೂ ಅಡಿಕೆ ತೋಟಗಳಲ್ಲೂ ಇವತ್ತಿಗೂ ಹಾರುವ ಓತಿಗಳಿವೆ. ವಿಜ್ಞಾನಿಗಳು ಅದನ್ನು ಡ್ರಾಕೊ ಡುಸುಮಿಯೇರಿ ಎನ್ನುತ್ತಾರೆ. ಅದಕ್ಕೆ ಹಕ್ಕಿಯ ರೆಕ್ಕೆಯಿಲ್ಲ. ನೀಳವಾಗಿ ಬೆಳೆದ ಪಕ್ಕೆಲುಬುಗಳ ನಡುವೆ ಚರ್ಮ ಹರಡಿಕೊಂಡು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಮೇಲಿಂದ ಕೆಳಕ್ಕೆ ತೇಲಬಲ್ಲದು, ಕೆಳಗಿಂದ ಮೇಲಕ್ಕೆ ಹಾರಲಾರದು. ಗಂಡಿನ ಗಂಟಲಲ್ಲಿ ಹಳದಿ ಚೀಲ. ಇರುವೆ ತಿಂದು ಮರದಲ್ಲೇ ಬದುಕುತ್ತದೆ, ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುತ್ತದೆ. “ಅದನ್ನ ಕೋಟಿ ವರ್ಷದ ಜೀವಂತ ಸಾಕ್ಷಿ ಅನ್ನೋ ಹಾಗೆ ನಿಲ್ಲಿಸಿದ್ದು ಕಥೆಗಾರರ ಸ್ವಾತಂತ್ರ್ಯ. ವಿಜ್ಞಾನದ ಮೇಷ್ಟ್ರಾಗಿ ನಾನು ಅಲ್ಲೊಂದು ಕೆಂಪು ಗೆರೆ ಎಳೀತೀನಿ. ಓದುಗನಾಗಿ ಎಳೆಯಲ್ಲ.” ಒಬ್ಬರೇ ಮನುಷ್ಯ ಒಂದೇ ಪುಟಕ್ಕೆ ಎರಡು ಅಂಕ ಕೊಟ್ಟದ್ದು ನನಗೆ ಬಹಳ ಹಿಡಿಸಿತು.

ಹಾವೇರಿಯ ಹುಡುಗನಿಗೆ ಇದ್ಯಾವುದೂ ಬೇಕಾಗಿರಲಿಲ್ಲ. “ಓತಿ ಸಿಗಲಿ ಬಿಡಲಿ, ನನಗ ಮಂದಣ್ಣ ಸಿಕ್ಕಾನ ನೋಡ್ರಿ. ಅಂವ ನಮ್ಮ ಶಾಪ್‌ನ್ಯಾಗೂ ಅದಾನ. ಒಬ್ರು ಹಿರೇರು ಅದಾರ್ರಿ, ಐಟಿಐ ಸೈತ ಮಾಡಿಲ್ಲ. ಯಂತ್ರದ ಸಪ್ಪಳ ಕೇಳೇ ಟೂಲ್ ಸವದೈತಿ ಅಂತ ಹೇಳ್ತಾರ. ಸ್ಕ್ರೀನ್ ಮ್ಯಾಲ ಇನ್ನೂ ಏನೂ ಬಂದಿರಂಗಿಲ್ಲ. ತಗದ್ ನೋಡಿದ್ರ ಖರೇನ ಸವದಿರ್ತೈತಿ. ಆದ್ರ ರಿಪೋರ್ಟ್‌ನ್ಯಾಗ ಅವರ ಹೆಸರು ಬರಂಗಿಲ್ಲ.” ಅವನ ಧ್ವನಿ ಸಣ್ಣಗಾಯಿತು. “ಅವರಿಗೊಬ್ಬ ಕರ್ವಾಲೊ ಸಿಗಬೇಕಾಗಿತ್ರಿ.”

‘ಕರ್ವಾಲೊ’ ಬಗ್ಗೆ ವಿಮರ್ಶಕರು ಬರೆದದ್ದನ್ನು ಸಾಕಷ್ಟು ಓದಿದ್ದೇನೆ. ಯಂತ್ರದ ಸಪ್ಪಳದಿಂದ ಮಂದಣ್ಣನನ್ನು ಗುರುತಿಸಿದ್ದನ್ನು ಮಾತ್ರ ಎಲ್ಲೂ ಓದಿರಲಿಲ್ಲ.

ಹೊಸೂರಿನವಳು ಕಡೆಗೆ ಬಾಯಿಬಿಟ್ಟಳು. ಅವಳು ಓದುವುದು ನಿಧಾನ. ಒತ್ತಕ್ಷರ ಬಂದಲ್ಲಿ ನಿಂತು, ಬಿಡಿಸಿಕೊಂಡು ಮುಂದೆ ಹೋಗಬೇಕು. ಈ ಪುಸ್ತಕಕ್ಕೆ ಇಪ್ಪತ್ತೆರಡು ದಿನ ಹಿಡಿಯಿತಂತೆ. “ನೀವೆಲ್ಲ ಬೇಗ ಬೇಗ ಓದಿ ಏನೂ ಆಗಲಿಲ್ಲ ಅಂತೀರಿ. ನನಗೆ ದಿನಾ ಏನಾದರೂ ಆಗ್ತಾ ಇತ್ತು. ಒಂದಿನ ಹುಳ, ಒಂದಿನ ಮಳೆ. ಕಡೇ ದಿನ ಅದು ತೇಲಿಕೊಂಡು ಹೋದಾಗ ಬಸ್ಸಿನಲ್ಲಿದ್ದೆ. ಅತ್ತಿಬೆಲೇಲಿ ಇಳೀಬೇಕಾಗಿತ್ತು, ಚಂದಾಪುರಕ್ಕೇ ಬಂದುಬಿಟ್ಟೆ.” ಕೊನೆಗೆ ಓತಿ ಸಿಗದೆ ಹೋದದ್ದು ಮೋಸವೆಂದು ಚಾಮರಾಜಪೇಟೆಯವಳು ಇನ್ನೂ ವಾದಿಸುತ್ತಿದ್ದಳು. ಸಿಕ್ಕಿದ್ದರೆ ಅದನ್ನು ಗಾಜಿನ ಬಾಟಲಿಯಲ್ಲಿ ಇಡುತ್ತಿದ್ದರು, ಹೋದದ್ದೇ ಸರಿ ಎಂದಳು ಹೊಸೂರಿನವಳು.

ನಮ್ಮ ಕೆರೆಯ ಓತಿ

ಮಾತು ಕಾದಂಬರಿಯನ್ನು ಬಿಟ್ಟು ನಮ್ಮ ಊರಿಗೇ ಇಳಿದದ್ದು ಮೇಷ್ಟ್ರಿಂದ. ಮುದ್ದೆ ಮುರಿಯುತ್ತಾ ಅವರು ಚಂದಾಪುರದ ಕೆರೆಯ ಹೆಸರು ತೆಗೆದರು. ಅವರ ಹುಡುಗಾಟದ ದಿನಗಳಲ್ಲಿ ದನಗಳು ನೀರು ಕುಡಿಯುತ್ತಿದ್ದ ಕೆರೆ ಅದು. ಸುತ್ತಲಿನ ಕಾರ್ಖಾನೆಗಳ, ಮನೆಗಳ ಕೊಳಕು ಸೇರಿ ಅದು ಎಂಥ ಸ್ಥಿತಿಗೆ ಬಂತೆಂದರೆ, ಕೆರೆಯನ್ನು ಕಾಪಾಡದ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು 2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು.

“ಕರ್ವಾಲೊ ಸಾಹೇಬರು ನಾರ್ವೆಗೆ ಹೋದ್ರು. ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಈ ಕೆರೇಲಿ ಏನೇನಿತ್ತು, ಯಾವ್ಯಾವುದು ಯಾವಾಗ ಹಾರಿಹೋಯ್ತು, ಅದನ್ನ ಹೇಳೋ ಮಂದಣ್ಣ ನಮ್ಮೂರಲ್ಲಿ ಉಳಿದಿದ್ದಾನಾ?” ಎಂದರು. ಒಲೆಯ ಹತ್ತಿರದಿಂದ ಅಕ್ಕ ಹೇಳಿದರು: “ಕೊಕ್ಕರೆ ಇದ್ವು. ಜೊಂಡು ಇತ್ತು. ಜೊಂಡಲ್ಲಿ ನೀರುಕೋಳಿ ಮರಿ ಮಾಡೋವು. ನಮ್ಮಪ್ಪ ಕುಚ್ಚು ಮೀನು ಹಿಡ್ಕೊಂಡ್ ಬರೋರು.” ಅಷ್ಟು ಹೇಳಿ ಮತ್ತೆ ಸಾರು ಬಡಿಸಲು ಹೋದರು. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತ್ತು. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಜಗಲಿಯಿಂದ ಅಟ್ಟಕ್ಕೆ, ಅಟ್ಟದಿಂದ ತಾರಸಿಗೆ

ಒಟ್ಟಾಗಿ ಓದುವುದು, ಓದಿದ್ದರ ಬಗ್ಗೆ ಮಾತಾಡುವುದು, ಜೊತೆಗೆ ಏನಾದರೂ ತಿನ್ನುವುದು ಕನ್ನಡಕ್ಕೆ ಹೊಸದಲ್ಲ. ಓದುಬರಹ ಕೆಲವರಿಗಷ್ಟೇ ಗೊತ್ತಿದ್ದ ಕಾಲದಲ್ಲೂ ಹಳ್ಳಿಯ ಜಗಲಿಯಲ್ಲಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಗಮಕಿ ವಾಚಿಸುತ್ತಿದ್ದ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು. ಅರ್ಥ ಒಪ್ಪದವರು ನಡುವೆಯೇ ಬಾಯಿ ಹಾಕುತ್ತಿದ್ದರು. ಅಲ್ಲಿ ಪುಸ್ತಕ ಒಬ್ಬನ ಕೈಯಲ್ಲಿತ್ತು, ಕಾವ್ಯ ಎಲ್ಲರದಾಗಿತ್ತು. ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪು ಬರೆದದ್ದನ್ನು ಮೊದಲು ಒಬ್ಬರಿಗೊಬ್ಬರು ಓದಿ ತೋರಿಸುತ್ತಿತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಎಷ್ಟೋ ಲೇಖಕರು ಹಸ್ತಪ್ರತಿ ಹಿಡಿದುಕೊಂಡು ಹತ್ತಿ, ಮಾತು ಕೇಳಿಸಿಕೊಂಡು ಇಳಿದರು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳು ಕಾರ್ಮಿಕರ ನಡುವೆ ಅದೇ ಕೆಲಸ ಮಾಡಿದವು. ಈಚೆಗೆ, 2023ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾದ ಕಬ್ಬನ್ ರೀಡ್ಸ್ ಗುಂಪು ಮೌನವಾಗಿ ಕೂತು ಓದುವುದನ್ನು ಆರಿಸಿಕೊಂಡಿತು. ಅದು ಬೇರೆ ಊರುಗಳಿಗೂ ದೇಶಗಳಿಗೂ ಹಬ್ಬಿತು.

ಮೌನದ ಓದಿಗೆ ಅದರದೇ ಘನತೆಯಿದೆ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು, ಯಂತ್ರದ ಸದ್ದಿನೊಳಗೆ, ವಾರ್ಡಿನ ಗಡಿಬಿಡಿಯೊಳಗೆ ಇರುವ ನಮ್ಮಂಥವರಿಗೆ ಮಾತು ಬೇಕು. ಒಪ್ಪದ ಮಾತೂ ಬೇಕು. ಕಚೇರಿಯಲ್ಲಿ ಒಪ್ಪದಿದ್ದರೂ ತಲೆದೂಗಿ ಬರುವವರು ಭಾನುವಾರ ಒಂದು ಕಡೆಯಾದರೂ ‘ನನಗೆ ಹಿಡಿಸಲಿಲ್ಲ’ ಎಂದು ಹೇಳಿ, ಅದೇ ಪಂಕ್ತಿಯಲ್ಲಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳಬೇಕು.

ಕೊನೆಯ ಪಂಕ್ತಿ

ಎಲ್ಲರ ಊಟ ಮುಗಿಯುವ ಹೊತ್ತಿಗೆ ಎರಡೂವರೆ. ಅಕ್ಕನೂ ಮಗಳೂ ಆಗ ಕೂತರು. ನಾವು ಎಲೆ ಎತ್ತದೆ ಕಾದಿದ್ದೆವು, ನಿಯಮದಂತೆ. ಮೇಷ್ಟ್ರು, “ನೀನೇನೂ ಹೇಳ್ಲಿಲ್ಲವಲ್ಲಮ್ಮ” ಎಂದರು.

“ನಾನು ಓದಿಲ್ಲ ಮೇಷ್ಟ್ರೇ, ಕೇಳಿದ್ದು,” ಎಂದರು ಅಕ್ಕ. ಮಗಳಿಗೆ ಪಿಯುಸಿ ಪಠ್ಯದಲ್ಲಿ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ಇತ್ತು. ಅದನ್ನು ಓದಿದ ರುಚಿಗೆ ‘ಕರ್ವಾಲೊ’ವನ್ನೂ ಹಿಡಿದಳು. ಒಂದು ವಾರ ರಾತ್ರಿ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಾಗ ಗಟ್ಟಿಯಾಗಿ ಓದಿ ಹೇಳಿದಳು. ಚಂದಾಪುರದ ಅಡುಗೆಮನೆಯಲ್ಲಿ ಜಗಲಿಯ ಹಳೆಯ ಪದ್ಧತಿ ತಾನಾಗಿ ಮರಳಿ ಬಂದಿತ್ತು.

“ತಪ್ಪಿದ್ರೆ ತಿದ್ದಿ. ಚೆನ್ನಾಗೈತೆ, ಬೋ ನಗು ಬಂತು. ಒಂದು ವಿಷ್ಯ ಮಾತ್ರ ಮನಸ್ಸಲ್ಲೇ ಕುಂತ್ಕಂಡದೆ. ಕರಿಯಪ್ಪಂಗೆ ಒಂದು ಬಿರಿಯಾನಿ ಮಾಡಿದ್ದಕ್ಕೇ ಹೆಸರು ಬಂತು. ಆಗ್ಲಿ. ಆಮೇಲೆ ಎಲ್ರೂ ಕಾಡಿಗೋದ್ರು. ಸಾಹೇಬ್ರು, ಫೋಟೋದವ್ನು, ಮಂದಣ್ಣ, ಎಲ್ರೂ. ನಾಯೀನೂ ಕರ್ಕಂಡೋದ್ರು. ರಾಮೀನ ಯಾಕೆ ಕರ್ಕಂಡೋಗ್ಲಿಲ್ಲ?”

ರಾಮಿ ಮಂದಣ್ಣನ ಹೆಂಡತಿ. ಅವಳನ್ನು ಮದುವೆಯಾಗಲು ಮಂದಣ್ಣ ಪಟ್ಟ ಪಾಡು ಕಾದಂಬರಿಯಲ್ಲಿ ನಗೆಯ ಹೊನಲಾಗಿ ಹರಿಯುತ್ತದೆ. ತಾರಸಿಯ ಮೇಲೆ ಯಾರೂ ಮಾತಾಡಲಿಲ್ಲ.

“ಕಾಡಂದ್ರೆ ಅವಳಿಗೆ ಗೊತ್ತಿರಲ್ವಾ? ಸೌದೆ ತರೋರು ಯಾರು, ಸೊಪ್ಪು ತರೋರು ಯಾರು? ಮಂದಣ್ಣ ನೋಡಿದ್ದಷ್ಟು ಅವಳೂ ನೋಡಿರ್ತಾಳೆ. ಅವಳನ್ನ ಕೇಳೋಕೆ ಒಬ್ಬ ಕರ್ವಾಲೊ ಬರ್ಲಿಲ್ಲ, ಅಷ್ಟೆ.”

“ಆ ಕಾಲ ಹಾಗಿತ್ತು ಅಕ್ಕ” ಎಂದ ತೀರ್ಥಹಳ್ಳಿಯವನು. “ಕಾಲ ಹಾಗಿತ್ತು ಅಂತ ಸುಮ್ಮನಿರೋಕಾಗಲ್ಲ. ಊರವರೆಲ್ಲ ದಡ್ಡ ಅಂದ ಹುಡುಗನಲ್ಲಿ ವಿಜ್ಞಾನಿ ಕಂಡ ಪುಸ್ತಕ ಇದು. ಕಾಲ ಹೇಗಿದ್ದರೂ ಅಷ್ಟು ಕಂಡಿತಲ್ಲ” ಎಂದಳು ಅವನ ಹೆಂಡತಿ. ಅರ್ಧ ಪುಸ್ತಕದವರೆಗೆ ಕಥೆಯೇ ಇಲ್ಲವೆಂದಿದ್ದವಳು ಈಗ ಪುಸ್ತಕದ ಪರವಾಗಿಯೂ ಪುಸ್ತಕದ ವಿರುದ್ಧವಾಗಿಯೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು.

ಆ ರಾತ್ರಿ ನಾನು ‘ಕರ್ವಾಲೊ’ವನ್ನು ಮತ್ತೆ ತೆರೆದೆ. ನನ್ನ ಪ್ರೀತಿ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಪ್ರತಿ ಅಧ್ಯಾಯದಲ್ಲೂ ರಾಮಿ ಎಲ್ಲಿದ್ದಾಳೆಂದು ಹುಡುಕುವಂತಾಯಿತು. ಅಕ್ಕ ಪುಸ್ತಕವನ್ನು ತಳ್ಳಿಹಾಕಿರಲಿಲ್ಲ. ಪದವಿಯಿಲ್ಲದವನ ಕಣ್ಣಲ್ಲೂ ಜ್ಞಾನವಿರುತ್ತದೆ, ನೋಡಲು ಬಂದವನು ನೋಡಬೇಕು ಎನ್ನುವುದು ‘ಕರ್ವಾಲೊ’ ಕಲಿಸುವ ಪಾಠ. ಆ ಪಾಠವನ್ನು ಅವರು ಕಾದಂಬರಿ ನಿಲ್ಲಿಸಿದಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದಕ್ಕೆ, ಅಡುಗೆಮನೆಯವರೆಗೆ ಒಯ್ದರು. ಪುಸ್ತಕ ಕೊಟ್ಟ ಕಣ್ಣಿನಿಂದಲೇ ಪುಸ್ತಕವನ್ನು ನೋಡುವುದು ಓದಿನಲ್ಲಿ ಎಲ್ಲಕ್ಕಿಂತ ದೊಡ್ಡದೆಂದು ನಾನು ನಂಬುತ್ತೇನೆ. ಪುಸ್ತಕ ಹೊಗಳಿದ ನಾವು ಅಲ್ಲಿಗೆ ತಲುಪಿರಲಿಲ್ಲ.

ಇನ್ನೊಂದು ಮಾತೂ ಆಗ ಹೊಳೆಯಿತು. ಅಕ್ಕ ಅವರೆಕಾಯಿಯನ್ನು ಮೂಸಿ ನೋಡಿ ಸೊಗಡು ಎಷ್ಟಿದೆಯೆಂದು ಹೇಳುತ್ತಾರೆ, ತಪ್ಪಲೆಯ ಮುಚ್ಚಳಕ್ಕೆ ಕಿವಿಗೊಟ್ಟು ದಮ್ ಆಯಿತೋ ಇಲ್ಲವೋ ಹೇಳುತ್ತಾರೆ. ಕೆರೆಯಲ್ಲಿ ಯಾವ ಹಕ್ಕಿ ಮರಿ ಮಾಡುತ್ತಿತ್ತೆಂಬುದೂ ಅವರಿಗೆ ಗೊತ್ತು. ಯಂತ್ರದ ಸಪ್ಪಳ ಕೇಳಿ ಟೂಲ್ ಸವೆದದ್ದನ್ನು ಹೇಳುವ ಹಿರಿಯರ ಕಥೆಗೆ ನಾವೆಲ್ಲ ತಲೆದೂಗಿದ್ದೆವು. ಅಷ್ಟೂ ಹೊತ್ತು ನಮ್ಮ ಎದುರೇ ಓಡಾಡಿಕೊಂಡು ಬಡಿಸುತ್ತಿದ್ದ ಮಂದಣ್ಣನನ್ನು ಮಾತ್ರ ಕಾಣಲಿಲ್ಲ.

ಮುಂದಿನ ತಿಂಗಳ ಪುಸ್ತಕ ಮಧ್ಯಾಹ್ನ ತಾರಸಿಯ ಮೇಲೇ ತೀರ್ಮಾನವಾಗಿತ್ತು: ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’. ಮೂಡಿಗೆರೆಯ ತೋಟದ ಅದೇ ಬದುಕನ್ನು, ತೇಜಸ್ವಿಯವರು 2007ರ ಏಪ್ರಿಲ್ 5ರಂದು ತೀರಿಕೊಂಡ ಮೇಲೆ, ಅವರ ಜೊತೆ ಬಾಳಿದವರು ಮನೆಯ ಒಳಗಿನಿಂದ ಹೇಳಿದ ಪುಸ್ತಕ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಕಾಡೂ ಮನೆಯೂ ಪೂರ್ತಿ ಕಂಡಾವು. ಅಡುಗೆ ಮುಂದಿನ ಸಲ ಗಂಡಸರದು. ಹಾವೇರಿಯ ಹುಡುಗ ಎಣ್ಣೆಗಾಯಿ ಹೊಣೆ ಹೊತ್ತ, ಮೇಷ್ಟ್ರು ಮುದ್ದೆ ತೊಳಸುತ್ತೇನೆಂದರು. ಅಕ್ಕ ಮೊದಲ ಪಂಕ್ತಿಯಲ್ಲಿ ಕೂರಬೇಕೆಂಬುದು ಮೂರನೆಯ ನಿಯಮವಾಯಿತು.

ಆಗಲೇ ಹುಡುಗ ಎದ್ದು ಅಕ್ಕನ ದೊನ್ನೆಗೆ ಬಿರಿಯಾನಿ ಬಡಿಸಿದ. ಬೆಳಗಿನಿಂದ ಒಲೆಯ ಮುಂದಿದ್ದವರು ತಮ್ಮದೇ ಅಡುಗೆಯ ಮೊದಲ ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ನಮ್ಮೆಲ್ಲರ ಮುಖ ನೋಡಿದರು.

“ಉಪ್ಪು ಒಂದು ಚಿಟಿಕೆ ಕಮ್ಮಿಯಾಗೈತೆ. ಪುಸ್ತಕಕ್ಕೆ ಅಷ್ಟೆಲ್ಲ ಹೇಳಿದ್ರಿ, ಇದನ್ನ ಒಬ್ರೂ ಹೇಳ್ಲಿಲ್ವಲ್ಲ.”